ಠಾಣೆ ಎದುರಿನ ‘ಲಾಯರ್ ಗೊತ್ತು’ ಅಣ್ಣನವರಿಗೆ



ನನ್ನ ನೆನಪು ನಿಮಗಿರಲಿಕ್ಕಿಲ್ಲ. ಯಲಹಂಕದಿಂದ ಆರ್‌.ಟಿ. ನಗರದವರೆಗೆ ಯಾರನ್ನು ಠಾಣೆಯಲ್ಲಿ ಕೂರಿಸಿದರೂ ಮನೆಯವರಿಗಿಂತ ಮೊದಲು ಸುದ್ದಿ ಮುಟ್ಟುವುದು ನಿಮಗೆ. ಎಷ್ಟು ಮುಖ ಅಂತ ನೆನಪಿಡುತ್ತೀರಿ? ಬೈಕ್ ನಿಲ್ಲಿಸುವ ಜಾಗಕ್ಕೆ ಜಗಳವಾಡಿ ನನ್ನ ಅಕ್ಕನ ಮಗ ಒಳಗೆ ಕೂತಿದ್ದ ರಾತ್ರಿ, ಅಳುತ್ತಿದ್ದ ಅಕ್ಕನಿಗೆ ಬೈಟು ಟೀ ತರಿಸಿಕೊಟ್ಟವರು ನೀವು. “ಗಾಬರಿ ಆಗ್ಬೇಡಿ ಅಮ್ಮ, ಮೂರು ಸೆಕ್ಷನ್ ಹಾಕವ್ರೆ. ನಮ್ ಲಾಯರ್ ಒಬ್ರು ಅವ್ರೆ, ಜಡ್ಜ್‌ಗೆ ಭಾಳ ಕ್ಲೋಸು. ನಲವತ್ತು ಸಾವಿರ ಆಗುತ್ತೆ.”

115(2), 352, 351(2). ನೀವು ಬಸ್ ನಂಬರ್ ಹೇಳಿದ ಹಾಗೆ ಹೇಳಿದಿರಿ, ಅಕ್ಕನಿಗೆ ಗಲ್ಲಿನ ತೀರ್ಪು ಕೇಳಿಸಿತು. ಅವಳದೇನು ತಪ್ಪು? 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಮತ್ತಿತರ ಹೊಸ ಕಾನೂನುಗಳು ಬಂದು ನಂಬರುಗಳೆಲ್ಲ ಮನೆ ಬದಲಾಯಿಸಿವೆ. ಫೋರ್ ಟ್ವೆಂಟಿ ಈಗ 318. ಬೈಗುಳದ ರುಚಿಯೇ ಹೋಯಿತು. ಕೇಸು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗುತ್ತಿದ್ದ 482ರಲ್ಲಿ ಈಗ ನಿರೀಕ್ಷಣಾ ಜಾಮೀನು ಬಾಡಿಗೆಗಿದೆ. ವಕೀಲರೇ ಹಳೇ ಬಾಗಿಲು ತಟ್ಟಿ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ನಿಮ್ಮ ದುರದೃಷ್ಟಕ್ಕೆ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರರಿದ್ದಾರೆ. ನಿದ್ದೆಗಣ್ಣಲ್ಲೇ ಫೋನೆತ್ತಿ ನಕ್ಕರು: “ಹಳೇ 323, 504, 506 ಕಣಯ್ಯಾ. ಕೈ ಮಾಡಿದ್ದು, ಬೈದು ಕೆಣಕಿದ್ದು, ಹೆದರಿಸಿದ್ದು. ಮೂರಕ್ಕೂ ಜಾಮೀನು ಹಕ್ಕು. ವಾರಂಟ್ ಇಲ್ಲದೆ ಹಿಡಿಯೋ ಹಾಗೇ ಇಲ್ಲ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆಯೂ ಇಲ್ಲ.” ಕರೆದಾಗ ಬರುತ್ತೇನೆಂದು ಬರೆದುಕೊಟ್ಟು ಹುಡುಗ ಅವತ್ತೇ ಮನೆಗೆ ಬಂದ.

ನಿಮ್ಮನ್ನು ಪೂರ್ತಿ ದೂರಲಾರೆ. ವಕೀಲರು ಜಾಹೀರಾತು ಹಾಕುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮ. ಒಳ್ಳೆಯವರು ಪುಟ್ಟ ಬೋರ್ಡು ಹಾಕಿಕೊಂಡು ಸುಮ್ಮನಿರುತ್ತಾರೆ. ನೀವು ಟೀ ಹಿಡಿದು ಬರುತ್ತೀರಿ. ಕಸ್ಟಡಿಯಲ್ಲಿರುವವನಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ, ಸಹಾಯವಾಣಿ 15100 ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಯಾಕೋ ಬೀಳಲಿಲ್ಲ. ಟೀ ಬಿಸಿ ಇತ್ತೇನೋ.

ಆಮೇಲೆ ನಮಗೂ ವಕೀಲರು ಬೇಕಾದರು. ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನ ಹಿಂದಿನ ಬೆಂಚಲ್ಲಿ ಎರಡು ದಿನ ಕೂತು, ಯಾರು ಕಾಗದ ಓದಿಕೊಂಡು ಬರುತ್ತಾರೆ, ಯಾರು ಬರೀ ಮುಂದಿನ ತಾರೀಕು ಕೇಳುತ್ತಾರೆ ಎಂದು ನೋಡಿದೆ. ಹಿಡಿಸಿದ ವಕೀಲೆಗೆ ಕೋರ್ಟಿನ ಹೊರಗೆ ಕೈಮುಗಿದೆ. ಅವರು ಮೊದಲು ಕೇಳಿದ್ದು ದೂರಿನ ಪ್ರತಿ. ಎನ್‌ರೋಲ್‌ಮೆಂಟ್ ನಂಬರ್ ಕೇಳಿದರೆ ಬೇಸರಪಡಲಿಲ್ಲ. ಫೀಸು ಕಾಗದದ ಮೇಲೆ ಬರೆದುಕೊಟ್ಟರು. “ಗೆಲ್ಲಿಸ್ತೀನಿ” ಅನ್ನಲಿಲ್ಲ. ಅಕ್ಕನಿಗೆ ಅದೊಂದೇ ಕೊರಗು.

ಅಂದಹಾಗೆ, ಸರ್ಕಾರ ನಿಮ್ಮನ್ನು ಮರೆತಿಲ್ಲ. ವಕೀಲರ ಕಾಯ್ದೆಗೆ 2023ರ ತಿದ್ದುಪಡಿಯಲ್ಲಿ ಸೇರಿದ 45ಎ ಕಲಂ ನಿಮ್ಮಂಥವರಿಗೆಂದೇ ಮೀಸಲು. ದಲ್ಲಾಳಿಗಳ ಪಟ್ಟಿ ಮಾಡಿ ಕೋರ್ಟಿನಲ್ಲಿ ತೂಗುಹಾಕಬಹುದು. ಪಟ್ಟಿಗೆ ಸೇರಿದ ಮೇಲೂ ದಂಧೆ ನಡೆಸಿದರೆ 3 ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಕ್ಕನ ಹತ್ತಿರ ಕೇಳಿದ ಮೊತ್ತದಲ್ಲಿ ಎಂಬತ್ತು ಸಲ ದಂಡ ಕಟ್ಟಬಹುದಿತ್ತು. ನಷ್ಟವಾಯಿತು, ಕ್ಷಮಿಸಿ.

ಇತಿ,
ಕೈತಪ್ಪಿದ ಪಾರ್ಟಿ

ತಾ.ಕ.: ಅವತ್ತಿನ ಟೀ ದುಡ್ಡು, 20 ರೂಪಾಯಿ, ಅಂಗಡಿಯವರ ಹತ್ತಿರ ಕೊಟ್ಟಿದ್ದೇನೆ. ಅವರು ರಸೀದಿ ಕೊಟ್ಟರು.