ಹುಳದ ಮನೆಗೆ 500 ಲಕ್ಸ್

ರೇಷ್ಮೆ ಹುಳಕ್ಕೆ ಜೋರು ಬೆಳಕು ಆಗಿಬರುವುದಿಲ್ಲ. 15ರಿಂದ 30 ಲಕ್ಸ್ ಮಬ್ಬು ಸಾಕು ಅದಕ್ಕೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಟ್ಟಾಗ ಒಂದು ಪಕ್ಕದಿಂದ ಬೆಳಕು ಬಿದ್ದರೆ ಎಲ್ಲವೂ ಕತ್ತಲ ಕಡೆಗೇ ನುಗ್ಗುತ್ತವೆ. ಜಾಗ ಸಾಲದೆ ಎರಡೆರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಜೋಡಿ ಗೂಡಿನ ನೂಲು ಸಲೀಸಾಗಿ ಬಿಚ್ಚಿಕೊಳ್ಳದು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಅದನ್ನು ಕಂಡರೆ ರೀಲರುಗಳು ಮೂಗು ಮುರಿಯುತ್ತಾರೆ. ಹೀಗಾಗಿ ನಮ್ಮ ಉಯ್ಯಂಬಳ್ಳಿ ಕಡೆಯ ಹಳೆಯ ಹುಳದ ಮನೆಗಳಲ್ಲಿ ಕಿಟಕಿ ಸಣ್ಣವು, ಆ ಕಿಟಕಿಗೂ ಗೋಣಿತಾಟು, ಚಳಿಗಾಲದಲ್ಲಿ ಹುಳಕ್ಕೆ ಕಾವು ಕೊಟ್ಟ ಕೆಂಡದ ಮಸಿ ಗೋಡೆಯ ಮೇಲೆ. ಹಗಲಲ್ಲೂ ಒಳಗೆ ಮುಸ್ಸಂಜೆ.

ಹುಳ ಸಾಕುವುದು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಅಂಥ ಮನೆಯಲ್ಲೇ ನಾನು ಮರಗೆಲಸಕ್ಕೆ ಲೇತ್ ಹೂಡಬೇಕೆಂದದ್ದು. ಹೊಟ್ಟೆಪಾಡಿಗಲ್ಲ, ಖುಷಿಗೆ. ಬೊಂಬೆಯ ಊರು ಚನ್ನಪಟ್ಟಣ ಇರುವ ಜಿಲ್ಲೆಯಲ್ಲಿ ಹುಟ್ಟಿ ಒಂದು ಬುಗುರಿಯನ್ನಾದರೂ ಕಡೆಯದೆ ಸತ್ತರೆ ಹೇಗೆ?

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. “ಒಂದು ತೊಟ್ಟು ಬೆಳಕು ಬೀಳದಂಗೆ ಕಾದಿದ್ದ ಮನೆ ಕಣ್ಲಾ ಇದು. ಈಗ ಸೂರ್ಯನ್ನೇ ತಂದು ತೊಲೆಗೆ ನೇತಾಕ್ತೀಯಾ?”

ಬೆಳಕಿನ ವಿಷಯದಲ್ಲಿ ಈ ಸೀಮೆಗೆ ಹಳೆಯದೊಂದು ಬಾಕಿ ಬರಬೇಕು. 1902ರಲ್ಲಿ ನಮಗೆ ಹತ್ತಿರದ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುತ್ತಲಿನ ಹಳ್ಳಿಗಳನ್ನು ಕಣ್ಣೆತ್ತಿಯೂ ನೋಡದೆ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಹೋಯಿತು. ನಮ್ಮ ಹಿರಿಯರು ಬುಡ್ಡಿ ದೀಪದಲ್ಲೇ ಸೊಪ್ಪು ಹಾಕಿದರು. ಆ ಬಾಕಿಯನ್ನು ಬಡ್ಡಿ ಸಮೇತ ವಸೂಲು ಮಾಡುವ ಹಟದಲ್ಲಿ ನಾನು ಕಾಗದ, ಪೆನ್ಸಿಲ್ಲು ಹಿಡಿದು ಕೂತೆ.

ಮನೆ 20 ಅಡಿಗೆ 30 ಅಡಿ. ಅಂದರೆ ಹತ್ತಿರ ಹತ್ತಿರ 56 ಚದರ ಮೀಟರ್. ಉಳಿ ಹಿಡಿದು ಮಾಡುವ ಕೆಲಸಕ್ಕೆ 500 ಲಕ್ಸ್, ಅಂದರೆ ಚದರ ಮೀಟರಿಗೆ 500 ಲ್ಯೂಮೆನ್, ಇರಲಿ ಎಂದುಕೊಂಡರೆ ಮೇಜಿನ ಮಟ್ಟಕ್ಕೆ 28,000 ಲ್ಯೂಮೆನ್ ಇಳಿಯಬೇಕು. 20 ವ್ಯಾಟಿನ ಎಲ್‌ಇಡಿ ಪಟ್ಟಿ ಲೈಟು ಒಂದಕ್ಕೆ 2,000 ಲ್ಯೂಮೆನ್. ಹದಿನಾಲ್ಕು ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಮುಗಿಯುವುದಿಲ್ಲ. ದೀಪದಿಂದ ಹೊರಟದ್ದೆಲ್ಲ ಮೇಜಿಗೆ ಬರುವುದಿಲ್ಲ, ಗೋಡೆ ಮತ್ತು ಸೂರು ತಮ್ಮ ಪಾಲು ಮುರಿದುಕೊಳ್ಳುತ್ತವೆ. ಗೋಡೆ ಬೆಳ್ಳಗಿದ್ದರೆ ನೂರಕ್ಕೆ ಅರವತ್ತು ಕೈಗೆ ಸಿಕ್ಕೀತು, ಮಸಿ ಹಿಡಿದಿದ್ದರೆ ನಲವತ್ತು ಸಿಕ್ಕಿದರೆ ಪುಣ್ಯ. ಮೊದಲನೆಯದಕ್ಕೆ 24 ಲೈಟು, ಎರಡನೆಯದಕ್ಕೆ 35. ಸುಣ್ಣ ಬಳಿದರೆ 11 ಲೈಟು ಉಳಿತಾಯ. ಕಾರ್ಖಾನೆಯಲ್ಲಿ ತಯಾರಾಗುವ ಯಾವ ದೀಪವೂ ಸುಣ್ಣದಷ್ಟು ಗಿಟ್ಟುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಇಪ್ಪತ್ನಾಲ್ಕೂ ಸೇರಿ 480 ವ್ಯಾಟ್. ಇಷ್ಟೇ ಬೆಳಕನ್ನು ಹಳೆಯ 60 ವ್ಯಾಟಿನ ಬಲ್ಬಿನಿಂದ ತೆಗೆಯುವುದಾದರೆ ಸುಮಾರು 70 ಬಲ್ಬು, 4 ಕಿಲೋವ್ಯಾಟಿನ ಮೇಲೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರು ಜಪಾನಿ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಕೊಟ್ಟದ್ದು ಸುಮ್ಮನೆ ಅಲ್ಲ. ಇದನ್ನು ಅವ್ವನಿಗೆ ವಿವರಿಸಿದೆ. ಅವಳಿಗೆ ನೊಬೆಲ್ಲಿಗಿಂತ ಗೃಹಜ್ಯೋತಿಯ ಉಚಿತ ಕರೆಂಟಿನ ಲೆಕ್ಕ ಚೆನ್ನಾಗಿ ಗೊತ್ತು: ವರ್ಷದ ಸರಾಸರಿ, ಅದರ ಮೇಲೆ ಒಂದಿಷ್ಟು, ದಾಟಿದರೆ ದುಡ್ಡು. “ದಿನಾ ಮೂರು ಗಂಟೆ ಉರಿಸಿದ್ರೆ ತಿಂಗಳಿಗೆ ಎಷ್ಟು ಯೂನಿಟ್ಟು?” ಎಂದಳು. 43 ಎಂದೆ. “ಆ ಜಪಾನಿನೋರೇ ಕಟ್ಟಲಿ,” ಎಂದು ಒಳಗೆ ಹೋದಳು.

ಲೈಟು ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದೇ ಕಷ್ಟ. ವೈರಿಂಗ್ ಹುಡುಗ ಮನೆ ನಡುವೆ ಒಂದೇ ಸಾಲು ಎಳೆದುಬಿಡುತ್ತೇನೆಂದ. ಹಾಗಾದರೆ ಗೋಡೆ ಪಕ್ಕದ ಮೇಜಿಗೆ ಬಗ್ಗಿದವನ ಬೆನ್ನ ಹಿಂದೆ ದೀಪ, ಉಳಿಯ ತುದಿಯ ಮೇಲೆ ಅವನದೇ ತಲೆಯ ನೆರಳು. ಲೈಟಿನ ಸಾಲು ಮೇಜಿನ ಮುಂದಣ ಅಂಚಿನ ನೇರಕ್ಕೆ ಬರಬೇಕು. ಅದಕ್ಕೇ ಆರಾರರ ನಾಲ್ಕು ಸಾಲು. ನಕ್ಷೆ ನೋಡಿದ ಹುಡುಗ, “ಸಾರ್, ಗಾರ್ಮೆಂಟ್ಸಾ?” ಎಂದ. ದಾರಿಹೋಕರು ಕೋಳಿ ಫಾರಮ್ಮು ಎಂದರು. ಕೋಲಾರದ ಕಡೆ ಸೇವಂತಿಗೆ ತೋಟಕ್ಕೆ ರಾತ್ರಿಯೆಲ್ಲ ಬಲ್ಬು ಉರಿಸುವುದನ್ನು ಕಂಡುಬಂದಿದ್ದ ಒಬ್ಬರು, ಸೂರಿನ ಕೆಳಗೆ ಹೂವು ಬರುತ್ತದಾ ಎಂದು ಕಾಳಜಿಯಿಂದ ಕೇಳಿದರು. ಖುಷಿಗೆ ಎಂಬ ಉತ್ತರವನ್ನು ಯಾರೂ ನಂಬಲಿಲ್ಲ. ಸಬ್ಸಿಡಿ ಎಷ್ಟು ಎಂದು ಮಾತ್ರ ಎಲ್ಲರೂ ಕೇಳಿದರು.

ಇನ್ನೊಂದು ಅಪಾಯವಿದೆ. ನಮ್ಮ ಕರೆಂಟು 50 ಹರ್ಟ್ಸಿನದು. ಅಗ್ಗದ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಲೇತಿನಲ್ಲಿ ಮರ ಹಿಡಿಯುವ ನಾಲ್ಕು ದವಡೆಯ ಚಕ್ಕು ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಒಂದು ಮಿನುಗಿಗೆ ಸರಿಯಾಗಿ ಕಾಲು ಸುತ್ತು. ಪ್ರತಿ ಮಿನುಗಿಗೂ ದವಡೆಗಳು ಅದೇ ಜಾಗದಲ್ಲಿ. ತಿರುಗುವ ಲೇತು ನಿಂತಹಾಗೆ ಕಾಣುತ್ತದೆ! ನಮ್ಮ ಮಾಮೂಲಿ ಮೋಟಾರು 1,440 ಸುತ್ತಿನದು. ಅದಾದರೆ ಚಕ್ಕು ನಿಧಾನಕ್ಕೆ ಹಿಂದಕ್ಕೆ ತಿರುಗುವಂತೆ ತೋರುತ್ತದೆ. ನಿಂತಿದೆಯೆಂದು ಕೈಯಿಟ್ಟವನ ಬೆರಳಿಗೆ ಮಾತ್ರ ಯಾವ ಭ್ರಮೆಯೂ ಇರುವುದಿಲ್ಲ.

ಮಿನುಗು ಕಂಡುಹಿಡಿಯಲು ಮೀಟರು ಬೇಡ. ದೀಪದ ಕೆಳಗೆ ಪೆನ್ನನ್ನು ಅತ್ತಿಂದಿತ್ತ ಬೀಸಬೇಕು. ನಯವಾದ ಮಸುಕು ಕಂಡರೆ ಒಳ್ಳೆಯ ಲೈಟು, ಬಿಡಿಬಿಡಿಯಾಗಿ ಹತ್ತಾರು ಪೆನ್ನು ಕಂಡರೆ ಬೇಡ. ಕನಕಪುರದ ಅಂಗಡಿಯೊಂದರಲ್ಲಿ ಒಂದೊಂದು ಲೈಟು ಹೊತ್ತಿಸಿದಂತೆಲ್ಲ ನಾನು ಅದರ ಕೆಳಗೆ ಪೆನ್ನು ಬೀಸುತ್ತಾ ನಿಂತೆ. ಅಂಗಡಿಯವರು ಸ್ವಲ್ಪ ಹೊತ್ತು ನೋಡಿ, “ದೃಷ್ಟಿ ತೆಗೀತಿದೀರಾ ಸಾರ್? ಬಿಲ್ ಆದ್ಮೇಲೆ ಮನೇಲಿ ತೆಗೀರಿ,” ಎಂದರು.

ಲೈಟು ಬಂದವು, ಸುಣ್ಣವೂ ಆಯಿತು. ಹೊತ್ತಿಸಿದ ಸಂಜೆ ಮೊದಲ ಮಳೆ ಬಿದ್ದು ಊರಿನ ಈಚಲು ಹುಳವೆಲ್ಲ ರೆಕ್ಕೆ ಕಟ್ಟಿಕೊಂಡು ಒಳಗೇ ಬಂತು. ಬಹಳ ವರ್ಷದ ಮೇಲೆ ಹುಳದ ಮನೆಗೆ ಹುಳ ಬಂತಲ್ಲ ಎಂದು ಅವ್ವನಿಗೆ ಸಮಾಧಾನ.

ಲೇತಿನ ಪಾಠ ಹೇಳಲು ಚನ್ನಪಟ್ಟಣದಿಂದ ಹಿರಿಯ ಕಸುಬುದಾರರೊಬ್ಬರು ಬಂದರು. ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು, ಕಡೆದು, ಅರಗಿನ ಕಡ್ಡಿ ಒತ್ತಿದರು. ತಿರುಗುವ ಮರದ ಬಿಸಿಗೆ ಅರಗು ಕರಗಿ ಕೆಂಪು ಹಬ್ಬಿತು. ತಾಳೆಗರಿಯಿಂದ ಒತ್ತಿದರು, ಹೊಳೆಯಿತು. ನನ್ನ ಕಣ್ಣಿಗೆ ಅದಕ್ಕಿಂತ ನಯ ಇರಲು ಸಾಧ್ಯವಿರಲಿಲ್ಲ. ಅವರು ತುಂಡನ್ನು ಬಾಗಿಲಿಗೆ ಒಯ್ದು ಓರೆ ಬಿಸಿಲಿಗೆ ಹಿಡಿದರು. ಮೈತುಂಬ ಗೀರು.

“ಇಷ್ಟು ಕಡೆಯಿಂದ ಬೆಳಕು ಬಿದ್ರೆ ಗೀರಿಗೆ ನೆರಳೆಲ್ಲಿಂದ ಬರ್ತದೆ ಸಾಮಿ? ನೆರಳಿಲ್ಲದೆ ತಪ್ಪು ಕಾಣಲ್ಲ. ಪಕ್ಕದಲ್ಲಿ, ತಗ್ಗಿನಲ್ಲಿ, ಒಂದು ಬಲ್ಬು ಹಾಕಿಸ್ಕಳಿ.”

ವೈರಿಂಗ್ ಹುಡುಗನನ್ನು ಮತ್ತೆ ಕರೆಸಿ ಲೇತಿನ ಪಕ್ಕದ ಗೋಡೆ ತೋರಿಸಿದೆ. ಅವನು ಜೇಬಿನಿಂದ ನನ್ನದೇ ನಕ್ಷೆ ತೆಗೆದು, ಮಡಿಕೆ ಬಿಡಿಸಿ, ಮೇಲಿಂದ ಕೆಳಗೆ ಬೆರಳಾಡಿಸಿದ.

“ಇದರಲ್ಲಿಲ್ಲ ಸಾರ್. ಎಕ್ಸ್‌ಟ್ರಾ ಪಾಯಿಂಟು. ದುಡ್ಡು ಬೇರೆ ಆಗ್ತದೆ.”