ಹದಿನೈದು ದಿನ ತಡ್ಕೊಳ್ಳಿ ಅಕ್ಕಾ

ಅಕ್ಕಾ, ಕರಿಬೇವಿನ ಗಿಡಕ್ಕೆ ಔಷಧಿ ಹೊಡೆಸ್ತೀನಿ ಅಂದ್ರಲ್ಲ, ಒಂದು ಹದಿನೈದು ದಿನ ತಡೀರಿ. ಎಲೆಯೆಲ್ಲ ಬೋಳಾಗ್ತಿದೆ, ಒಗ್ಗರಣೆಗೆ ಒಂದು ಎಸಳೂ ಉಳಿದಿಲ್ಲ ಅನ್ನೋ ನಿಮ್ಮ ಸಂಕಟ ನನಗೆ ಅರ್ಥವಾಗುತ್ತೆ. ಅಲ್ಲಿವರೆಗೆ ನಮ್ಮ ಗಿಡದ್ದೇ ಮುರ್ಕೊಳ್ಳಿ. ಔಷಧಿ ಹೊಡೆದ ಎಲೆಯನ್ನ ಹೇಗೂ ಸಾರಿಗೆ ಹಾಕೋಕಾಗಲ್ಲ. ಆ ಹುಳ ಯಾರು ಏನು ಅಂತ ಒಂದು ಸಲ ಹತ್ತಿರದಿಂದ ನೋಡಿಬಿಡಿ, ಆಮೇಲೆ ತೀರ್ಮಾನ ಮಾಡಿ.

ಬನ್ನಿ, ಈ ಕಡ್ಡಿ ನೋಡಿ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿರೋ ಹಾಗೆ ಕಂದುಬಿಳಿ ಚೂರು ಕಾಣ್ತಿದೆಯಲ್ಲ, ಅದೇ ಮರಿಹುಳ. ಹಿಕ್ಕೆ ಅಂದ್ಕೊಂಡು ಹಕ್ಕಿಗಳು ಮುಟ್ಟದೆ ಹೋಗ್ತವೆ, ಅದಕ್ಕೇ ಹೀಗೆ ಎಲೆಯ ಮೇಲುಗಡೆಯೇ ಬಯಲಲ್ಲಿ ಕೂತಿದೆ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಪಕ್ಕದ ಕಡ್ಡಿಯಲ್ಲಿರೋ ಅದರ ಹಾಗೆ ಹಸಿರಾಗುತ್ತೆ. ಅದನ್ನ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ನೋಡಿದ್ರಾ, ತಲೆಯ ಹಿಂದಿನಿಂದ ಕೆಂಪಗೆ ಎರಡು ಕವಲಿನ ಕೊಂಬು ಹೊರಗೆ ಬಂತು! ಜೊತೆಗೆ ಒಂದು ಘಾಟು ವಾಸನೆ. ಇರುವೆ ಕಣಜಗಳನ್ನ ಹೆದರಿಸೋಕೆ ಅದರ ಹತ್ತಿರ ಇರೋದು ಇಷ್ಟೇ. ಕಚ್ಚಲ್ಲ, ಚುಚ್ಚಲ್ಲ, ಮೈಮೇಲೆ ಕಂಬಳಿಹುಳದ ಕೂದಲೂ ಇಲ್ಲ. ಎರಡು ಮೂರು ವಾರ ಎಲೆ ತಿಂದು ಕೋಶ ಕಟ್ಕೊಳ್ಳುತ್ತೆ. ಆಮೇಲೆ ಕಪ್ಪು ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲಿಟ್ಕೊಂಡು ನಿಮ್ಮ ದಾಸವಾಳದ ಮೇಲೆ ಸುಳಿದಾಡುತ್ತಲ್ಲ, ಆ ಚಿಟ್ಟೆಯಾಗುತ್ತೆ. ಇದಕ್ಕೆ ಮೊಟ್ಟೆಯಿಡೋಕೆ ನಿಂಬೆ, ಕರಿಬೇವಿನ ಕುಲದ ಗಿಡಗಳೇ ಬೇಕು. ನಿಮ್ಮ ಕರಿಬೇವಿಗೆ ಬೇರು ಗಟ್ಟಿಯಾಗಿದೆ, ಒಂದು ಮಳೆ ಬಿದ್ರೆ ಮತ್ತೆ ಚಿಗುರುತ್ತೆ.

ನಮ್ಮ ಹಿತ್ತಲಿನ ತಕರಾರುಗಳಲ್ಲಿ ಬಹುಪಾಲು ಹೀಗೇ ಅಕ್ಕಾ, ನಾವು ಸ್ವಲ್ಪ ದಿನ ಕೈ ಕಟ್ಕೊಂಡು ಕೂತ್ರೆ ತಾವಾಗಿ ಮುಗಿಯುತ್ತವೆ. ಜೀವಿಗಳ ಮೇಲೆ ದಯೆ ಅಂದ್ರೆ ನನ್ನ ಲೆಕ್ಕದಲ್ಲಿ ಮೊದಲು ಈ ತಾಳ್ಮೆ. ಅವು ಕೇಳ್ತಿರೋದು ಒಂದಿಷ್ಟು ದಿನದ ಗಡುವು ಮಾತ್ರ. ಕೊಡೋಕೆ ನಮಗೆ ಕಷ್ಟವೇನಿಲ್ಲ.

ಆ ಟುವ್ವಿ ಹಕ್ಕಿಯನ್ನೇ ತಗೊಳ್ಳಿ. ಬೆರಳುದ್ದದ ಜೀವ, ಕೂಗಿದ್ರೆ ನಾಲ್ಕು ಮನೆಗೆ ಕೇಳುತ್ತೆ. ಬೇಲಿಯ ಅಗಲ ಎಲೆಯ ಗಿಡದಲ್ಲಿ ಬದುಕಿರೋ ಎಲೆಯನ್ನ ಬಾಗಿಸಿ, ಅಂಚಿನುದ್ದಕ್ಕೂ ಕೊಕ್ಕಿನಿಂದ ತೂತು ಮಾಡಿ, ಜೇಡರ ಬಲೆಯ ಎಳೆಯನ್ನೋ ಹತ್ತಿಯ ಎಳೆಯನ್ನೋ ತೂರಿಸಿ ಹೊಲಿಯುತ್ತೆ. ಎಲೆ ಗಿಡದಲ್ಲೇ ಹಸಿರಾಗಿರೋದ್ರಿಂದ ಒಳಗೆ ಗೂಡಿದೆ ಅಂತ ಯಾರಿಗೂ ಗೊತ್ತಾಗಲ್ಲ. ಕಾವು ಕೂರೋದು ಸುಮಾರು ಹನ್ನೆರಡು ದಿನ, ಮರಿ ಹಾರೋಕೆ ಇನ್ನೆರಡು ವಾರ. ಬೇಲಿ ಸವರೋರು ಬಂದಾಗ ಕತ್ತರಿ ಹಾಕೋಕೆ ಮುಂಚೆ ಒಂದು ಸುತ್ತು ನೋಡಿ, ಗೂಡಿದ್ರೆ ಅಷ್ಟು ಜಾಗ ಬಿಡಿಸಿ. ಒಂದು ತಿಂಗಳು ಬೇಲಿ ಕೆದರಿಕೊಂಡಿದ್ರೆ ಬೀದಿಯಲ್ಲಿ ಯಾರೂ ಏನೂ ಅನ್ನಲ್ಲ. ಇನ್ನೊಂದು ಮಾತು ಅಕ್ಕಾ, ಆ ತಾಯಿ ಹಕ್ಕಿ ಮರಿಗಳ ಬಾಯಿಗೆ ಇಡೋದು ಹುಳುಗಳನ್ನೇ. ಕಾಳು ತಿನ್ನೋ ಗುಬ್ಬಿ ಕೂಡ ಮರಿಗೆ ಮೊದಲು ಹುಳ ತಂದು ತಿನ್ನಿಸುತ್ತೆ. ಗುಬ್ಬಿ ಎಲ್ಲಿ ಹೋದ್ವು ಅಂತ ಮರುಗೋ ನಾವೇ ಗಿಡಗಿಡಕ್ಕೂ ಔಷಧಿ ಹೊಡೆಸಿದ್ರೆ ಅವು ಮರಿಗೆ ಏನು ಕೊಡಬೇಕು?

ಹಾವಿನ ವಿಷಯಕ್ಕೆ ಬಂದ್ರಾ? ಹೇಳಿ, ಹೆದರಿಕೆ ಸಹಜ. ಮೊನ್ನೆ ಕಲ್ಲುಚಪ್ಪಡಿ ಪಕ್ಕದಲ್ಲಿ ಹಾದು ಹೋಗಿದ್ದು ಕೇರೆಹಾವು, ಅದಕ್ಕೆ ವಿಷ ಇಲ್ಲ. ಇಲಿ ಹಿಡಿಯೋಕೆ ಬಂದಿತ್ತು, ಹಿಡೀತೋ ಇಲ್ಲವೋ, ಬಂದ ದಾರಿಯಲ್ಲಿ ಹೋಯ್ತು. ಅದಕ್ಕೆ ಹದಿನೈದು ದಿನ ಬೇಡ, ಹದಿನೈದು ನಿಮಿಷ ಬಿಟ್ಟುಕೊಟ್ರೆ ಸಾಕು. ಎರಡು ಹಾವು ಹೆಣೆದುಕೊಂಡು ಎದ್ದು ನಿಂತಿದ್ದನ್ನ ನೋಡಿ ನಾಗರವೂ ಕೇರೆಯೂ ಜೋಡಿಯಾಗಿವೆ ಅಂತಾರಲ್ಲ, ಸಾಮಾನ್ಯವಾಗಿ ಅದು ಎರಡು ಗಂಡು ಕೇರೆಗಳ ಬಲಾಬಲದ ಪರೀಕ್ಷೆ. ಒಂದು ಸೋತು ಸರಿಯುತ್ತೆ, ಅಷ್ಟೇ.

ಹಾಗಂತ ಎಲ್ಲ ಹಾವಿಗೂ ಸಲುಗೆ ಕೊಡಿ ಅಂತ ನಾನು ಹೇಳಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ಮುಂದೆ ಧೈರ್ಯ ತೋರಿಸಬಾರದು. ಯಾವುದು ಅಂತ ಗೊತ್ತಾಗದಿದ್ರೆ ಮಕ್ಕಳನ್ನ, ನಾಯಿಯನ್ನ ಒಳಗೆ ಕರ್ಕೊಂಡು, ದೂರದಿಂದ ಕಣ್ಣಿಟ್ಕೊಂಡು, ಅರಣ್ಯ ಇಲಾಖೆಯವರಿಗೋ ಹಾವು ಹಿಡಿದು ಬಿಡೋರಿಗೋ ಫೋನ್ ಮಾಡಿ. ಕಚ್ಚಿಸಿಕೊಳ್ಳೋರಲ್ಲಿ ಎಷ್ಟೋ ಜನ ಹೊಡೆಯೋಕೆ, ಹಿಡಿಯೋಕೆ ಹೋದೋರು. ಅಕಸ್ಮಾತ್ ಕಚ್ಚಿದ್ರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು, ಪ್ರತಿವಿಷ ಅಲ್ಲೇ ಸಿಗೋದು. ಸೌದೆ ರಾಶಿಯನ್ನ ಹಿಂಬಾಗಿಲಿಂದ ದೂರ ಇಡಿ, ಅನ್ನ ಮುಸುರೆ ಚೆಲ್ಲದಿರಿ. ಇಲಿ ಕಮ್ಮಿಯಾದ್ರೆ ಹಾವಿಗೂ ಬಾಗಿಲ ಹತ್ತಿರ ಕೆಲಸ ಇರಲ್ಲ. ರಾತ್ರಿ ಹೊರಗೆ ಕಾಲಿಡುವಾಗ ಟಾರ್ಚ್ ಇರಲಿ.

ಪಾಪ, ವಿಷವೇ ಇಲ್ಲದ ಓತಿಕ್ಯಾತ, ಹಾವುರಾಣಿಗಳಿಗೂ ಏಟು ಬೀಳುತ್ತೆ. ಓತಿಕ್ಯಾತದ ಕತ್ತು ಕೆಂಪಾದ್ರೆ ಅದು ಯಾರದೋ ರಕ್ತ ಹೀರ್ತಿದೆ ಅಂತ ಹುಡುಗರು ಕಲ್ಲು ಎತ್ತಾರೆ. ಗಂಡಿಗೆ ಜೋಡಿ ಹುಡುಕೋ ಕಾಲದಲ್ಲಿ ಬರೋ ಬಣ್ಣ ಅದು. ದಿನವಿಡೀ ಬೇಲಿಗೂಟದ ಮೇಲೆ ಕೂತು ಹುಳ ಹೆಕ್ಕೋದೇ ಅದರ ಕಸುಬು.

ಬಾವಲಿಗಳದ್ದೂ ಇದೇ ಕಥೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇಲಿ, ಕಾಗೆಗಳ ಜೊತೆ ಹಣ್ಣಿನ ಬಾವಲಿಯನ್ನೂ ಪೀಡಕ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ರು. ನಿಮ್ಮ ಸೀಬೆಹಣ್ಣು ತಿಂತವೆ ನಿಜ. ಆದರೆ ರಾತ್ರಿ ಅರಳೋ ಹೂವಿಗೆ ಪರಾಗ ಮುಟ್ಟಿಸೋದು, ಎಲ್ಲಿಂದೆಲ್ಲಿಗೋ ಬೀಜ ಒಯ್ದು ಹಾಕೋದು ಅವೇ. ಕೈಗೆಟುಕೋ ಹಣ್ಣಿಗೆ ಬಟ್ಟೆ ಚೀಲ ಕಟ್ಟೋಣ, ಮೇಲಿನ ಕೊಂಬೆಯದು ಅವುಗಳಿಗಿರಲಿ. ಗಿಡದ ಮೇಲೆ ನೈಲಾನ್ ಬಲೆ ಮಾತ್ರ ಹೊದಿಸಬೇಡಿ. ಬಾವಲಿ, ಹಕ್ಕಿ, ಹಾವು ಎಲ್ಲ ಸಿಕ್ಕಿಹಾಕ್ಕೊಂಡು ನರಳಿ ಸಾಯ್ತವೆ.

ದಯೆ ಅಂದ್ರೆ ಎಲ್ಲಕ್ಕೂ ಒಂದೇ ಅಲ್ಲ ಅನ್ನೋದನ್ನೂ ಹೇಳಬೇಕು. ಮಂಗಕ್ಕೆ ಬಿಸ್ಕತ್ತು ಕೊಟ್ರೆ ಅದಕ್ಕೆ ಒಳ್ಳೇದು ಮಾಡಿದ ಹಾಗಲ್ಲ. ಇವತ್ತು ಕೈಯಿಂದ ಈಸ್ಕೊಂಡದ್ದು ನಾಳೆ ಕಸಿದುಕೊಳ್ಳುತ್ತೆ, ನಾಡಿದ್ದು ಅದನ್ನೇ ಬೋನಿಗೆ ಹಾಕಿಸ್ತೀವಿ. ಮಳೆಗಾಲದಲ್ಲಿ ಗೋಡೆ ತುಂಬ ಹತ್ತೋ ಅಂಗೈಯಗಲದ ಬಸವನಹುಳ ನಮ್ಮ ನಾಡಿನದಲ್ಲ, ಆಫ್ರಿಕದ್ದು. 1847ರಲ್ಲಿ ಕಲ್ಕತ್ತೆಯ ಒಂದು ತೋಟಕ್ಕೆ ತಂದು ಬಿಟ್ಟಿದ್ದು, ಈಗ ಕೊಡಗಿನ ಕಾಫಿ ತೋಟದವರೆಗೂ ಹಬ್ಬಿದೆ. ಅದನ್ನ ರಾತ್ರಿ ಕೈಗವಸು ಹಾಕ್ಕೊಂಡು ಹೆಕ್ಕಿ ಉಪ್ಪುನೀರಿಗೆ ಹಾಕಲೇಬೇಕು, ಬೇರೆ ದಾರಿಯಿಲ್ಲ. ಅದನ್ನ ಒಡೆದು ತಿನ್ನೋರು ನಮ್ಮಲ್ಲೂ ಒಬ್ಬರಿದ್ದಾರೆ, ಕೆಂಬೂತ. ಪೊದೆಯಲ್ಲಿ ಊಪ್ ಊಪ್ ಅಂತ ಗಂಭೀರವಾಗಿ ಕೂಗೋ ಆ ಹಕ್ಕಿಗೆ ಓಡಾಡೋಕೆ ದಟ್ಟ ಪೊದೆ ಬೇಕು. ಪೊದೆ ಬೋಳಿಸಿ, ಹುಳಕ್ಕೆ ವಿಷದ ಗುಳಿಗೆ ಚೆಲ್ಲಿದ್ರೆ ಕೆಂಬೂತವೂ ಉಳಿಯಲ್ಲ.

ಇದೆಲ್ಲ ಒಂದಿಬ್ಬರಿಂದ ಆಗೋ ಕೆಲಸವಾ ಅಂತೀರಿ. ನೀವು ಕೊಕ್ಕರೆಬೆಳ್ಳೂರಿಗೆ ಹೋಗಿಬನ್ನಿ ಅಕ್ಕಾ. ಬೆಂಗಳೂರು ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಬೇಕು, ಮದ್ದೂರು ತಾಲ್ಲೂಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬಂದು ಊರೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ತವೆ. ಮರದ ಕೆಳಗೆ ಕೊಟ್ಟಿಗೆ, ಜಗುಲಿ, ಮಕ್ಕಳ ಆಟ ಎಲ್ಲ ನಡೀತಿರುತ್ತೆ. ಮೇಲಿಂದ ಹಿಕ್ಕೆ ಬೀಳುತ್ತೆ, ಅರೆತಿಂದ ಮೀನು ಬೀಳುತ್ತೆ, ನಾತ ಬರುತ್ತೆ. ಊರಿನೋರು ಅವನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಭಾವಿಸ್ತಾರೆ. ಬಿದ್ದ ಹಿಕ್ಕೆಯನ್ನ ಹೊಲಕ್ಕೆ ಗೊಬ್ಬರ ಮಾಡ್ಕೊಂಡ್ರು. ಹಕ್ಕಿಗಳಿಗೋಸ್ಕರ ಹುಣಸೆ ಫಸಲು ಬಿಟ್ಟುಕೊಟ್ಟ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡೋಕೆ ಶುರುಮಾಡಿತು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನ ಹೊರಜಗತ್ತಿನ ಗಮನಕ್ಕೆ ತಂದ್ರು, 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯ್ತು. ಆದರೆ ಕಾನೂನು ಬರೋಕೆ ಎಷ್ಟೋ ತಲೆಮಾರು ಮೊದಲೇ ಆ ಜನ ಹಕ್ಕಿಗಳಿಗೆ ಜಾಗ ಕೊಟ್ಟಿದ್ರು. ವರ್ಷದಲ್ಲಿ ಆರೇಳು ತಿಂಗಳ ನಾತ, ಗಲಾಟೆಯನ್ನ ಒಂದಿಡೀ ಊರು ತಡ್ಕೊಳ್ಳುತ್ತೆ ಅಂದ್ರೆ, ನಮ್ಮ ಎರಡು ಮನೆ ಒಂದು ಹುಳಕ್ಕೆ ಹದಿನೈದು ದಿನ ಕೊಡಬಹುದು.

ನಾನೊಂದು ಹೇಳ್ತೀನಿ, ಒಪ್ಪಿದ್ರೆ ಒಪ್ಪಿ. ಬೇಲಿಯ ಆ ತುದಿ ಇಬ್ಬರ ಹಿಂಬಾಗಿಲಿಗೂ ದೂರ. ಅಲ್ಲಿ ನಿಮ್ಮ ಕಡೆ ಒಂದು ಮಾರು, ನಮ್ಮ ಕಡೆ ಒಂದು ಮಾರು ಗುಡಿಸದೆ ಬಿಡೋಣ. ತರಗೆಲೆ ಸುಡೋದು ಬೇಡ, ಅದರ ಅಡಿಯಲ್ಲಿ ಎರೆಹುಳ, ಕಪ್ಪೆ, ಹಾವುರಾಣಿಗಳ ಸಂಸಾರ ಇರುತ್ತೆ. ಅಗಲವಾದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು, ಜೇನುನೊಣ ಮುಳುಗದ ಹಾಗೆ ಮಧ್ಯೆ ಒಂದು ಕಲ್ಲು ಇಡೋಣ. ಸೊಳ್ಳೆ ಮೊಟ್ಟೆಯಿಡದ ಹಾಗೆ ದಿನಾ ನೀರು ಬದಲಾಯಿಸೋ ಕೆಲಸ ನಿಮ್ಮ ಮೊಮ್ಮಗಳಿಗೆ ಕೊಡಿ. ನೀರು ಹಾಕೋಕೆ ಬಂದ ಮಗು ಯಾರ್ಯಾರು ಕುಡಿಯೋಕೆ ಬಂದ್ರು ಅಂತ ನೋಡೇ ನೋಡುತ್ತೆ, ಹೆಸರು ಕೇಳುತ್ತೆ. ಅಳಿಲು, ಪಿಕಳಾರ, ಓತಿಕ್ಯಾತ ಅಂತ ಒಂದೊಂದೇ ಹೇಳಿಕೊಡೋಣ. ಹಾಗೆ ಪರಿಚಯ ಮಾಡ್ಕೊಂಡು ಬೆಳೆದ ಮಗು ಅವುಗಳ ಮೇಲೆ ಕಲ್ಲು ಎತ್ತಲ್ಲ ಅನ್ನೋ ನಂಬಿಕೆ ನನಗಿದೆ.