ಇಂಜಿನ್ ಒಂದು ಬಿಟ್ಟು

ಅಂಬಾಸಿಡರ್ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಇಂಜಿನ್ ಬದಲಾಯಿಸಿದವರು ಒಂದು, ಬದಲಾಯಿಸಲಿರುವವರು ಇನ್ನೊಂದು. ಮೊದಲನೆಯವರಿಂದ ಯಾರಿಗೂ ತೊಂದರೆಯಿಲ್ಲ. ಹೊಗೆ ಬಿಟ್ಟುಕೊಂಡು ಎದುರಿಗೆ ಬರುತ್ತಾರೆ, ಹೋಗುತ್ತಾರೆ. ಎರಡನೆಯವರು ಎಲ್ಲಿಗೂ ಹೋಗುವುದಿಲ್ಲ. ಜಗಲಿಯ ಮೇಲೆ ಕೂತು, ಬಂದವರ ಕೈಗೆ ಕಾಫಿ ಲೋಟ ಕೊಟ್ಟು, ಅದು ಖಾಲಿಯಾಗುವ ತನಕ ಬೆಲ್ ಹೌಸಿಂಗ್ ವಿಚಾರ ಹೇಳುತ್ತಾರೆ. ಖಾಲಿಯಾದರೆ ಇನ್ನೊಂದು ಲೋಟ ತರಿಸುತ್ತಾರೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಈ ಎರಡನೇ ಪಂಗಡ ಇನ್ನೂ ಅಳಿಯದೆ ಉಳಿದಿರುವುದಕ್ಕೆ ನಮ್ಮ ಹವೆಯೂ ಕಾರಣ. ಮಳೆಯೇ ಸರಿಯಾಗಿ ಬೀಳದ ಊರಿನಲ್ಲಿ ತಗಡು ತುಕ್ಕು ಹಿಡಿಯುವುದು ನಿಧಾನ. ಕರಾವಳಿಯಲ್ಲಾಗಿದ್ದರೆ ಎಂದೋ ಗುಜರಿಗೆ ಹೋಗಬೇಕಿದ್ದ ಬಾಡಿಗಳು ಇಲ್ಲಿ ಹುಣಿಸೆಮರದ ಕೆಳಗೆ ಗಟ್ಟಿಮುಟ್ಟಾಗಿ ನಿಂತು ಯಜಮಾನರ ಆಸೆಯನ್ನು ಕೆರಳಿಸುತ್ತಿರುತ್ತವೆ.

ಈ ಪಂಗಡದ ನೂರಾರು ಜನರನ್ನು ಕಂಡು ಬರೆಯುತ್ತಿದ್ದೇನೆ ಎಂದು ಹೇಳಿದರೆ ನನ್ನ ಅಕ್ಕ ನಗುತ್ತಾಳೆ. ನಾನು ಅನುಭವಿಸಿರುವುದು ಒಬ್ಬರನ್ನೇ: ಅವಳ ಗಂಡನನ್ನು.

ಭಾವನವರದು 1972ರ ಮಾರ್ಕ್ 2. ಅವರ ತಂದೆ ಕಡಲೆಕಾಯಿ ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ಕೊಂಡದ್ದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳ ನಂಬರ್ ಪ್ಲೇಟು, ಮುಂದೆ ಮೂವರು ಕೂರುವ ಉದ್ದ ಸೀಟು, ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ. ಒಳಗಿರುವುದು 1489 ಸಿಸಿಯ ಪೆಟ್ರೋಲ್ ಇಂಜಿನು. ಮೂಲ ಇಂಗ್ಲೆಂಡಿನ ಬಿಎಂಸಿ ಕಂಪನಿಯದು, ತಯಾರಾದದ್ದು ಬಂಗಾಳದ ಉತ್ತರಪಾಡಾದಲ್ಲಿ. ಅಶ್ವಶಕ್ತಿ ಐವತ್ತರ ಆಸುಪಾಸು. ಈ ಇಂಜಿನು ಕೆಟ್ಟಿದೆಯೇ? ಇಲ್ಲ. ಅದೇ ಈ ಕಥೆಯ ಕಷ್ಟ. ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದಿಷ್ಟು ಕೆಮ್ಮಿ ಸ್ಟಾರ್ಟ್ ಆಗುತ್ತದೆ, ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನಕ್ಕೆ ಹೋಗಿ ಬರುತ್ತದೆ. ಸ್ವಲ್ಪ ಆಯಿಲ್ ತಿನ್ನುತ್ತದೆ, ದಿಬ್ಬದಲ್ಲಿ ಪಿಕಪ್ ಇಲ್ಲ. ಬೋರ್ ಮಾಡಿಸಿ ರಿಂಗ್ ಹಾಕಿಸಿದರೆ ಮುಗಿಯುವ ಕೆಲಸ. ಆದರೆ ಮುಗಿಯುವ ಕೆಲಸದಲ್ಲಿ ಭಾವನವರಿಗೆ ಆಸಕ್ತಿಯಿಲ್ಲ.

ಇಂಜಿನ್ ಹುಡುಕುವುದನ್ನು ಅವರು ಗಂಡು ಹುಡುಕುವ ಹಾಗೆ ಮಾಡುತ್ತಾರೆ. ಬಂದ ಪ್ರತಿಯೊಂದು ಸಂಬಂಧದಲ್ಲೂ ಏನೋ ಒಂದು ದೋಷ. ಮ್ಯಾಟಡಾರ್ ಡೀಸೆಲ್ ಇಂಜಿನ್ ಒಂದು ಕಾಲಕ್ಕೆ ಈ ಸೀಮೆಯಲ್ಲಿ ಬಹಳ ಬೇಡಿಕೆಯಲ್ಲಿದ್ದ ವರ. ಡೀಸೆಲ್ ಅಗ್ಗವಿದ್ದಾಗ ಎಷ್ಟೋ ಟ್ಯಾಕ್ಸಿಯವರು ಅದನ್ನೇ ಕೂರಿಸಿಕೊಂಡರು. ಭಾವ ಒಪ್ಪಲಿಲ್ಲ. “ಅದು ಹಾಕಿದ್ರೆ ಕನ್ನಡೀಲಿ ಹಿಂದಿನ ಲಾರಿ ಎರಡೆರಡು ಕಾಣ್ತದೆ ಕಣಯ್ಯ, ಅಷ್ಟು ನಡುಗ್ತದೆ.” ಶಿರಾದ ಹೆದ್ದಾರಿ ಬದಿಯಲ್ಲಿ ಒಂದು ಕ್ವಾಲಿಸ್ ಇಂಜಿನ್ ಸಿಕ್ಕಿತ್ತು, 2446 ಸಿಸಿ. ಅದು ಆನೆ, ಮುಂದಿನ ಟಾರ್ಷನ್ ಬಾರ್ ಅದರ ಭಾರ ತಡೆಯದೆ ಗಾಡಿ ಮೂಗು ಊರುತ್ತದೆ ಎಂದು ಬಿಟ್ಟರು. ಅಳಿಯ ಬೆಂಗಳೂರಿನಿಂದ ಬಂದು, ಹೊಸ ಕಾಲದ ಸಣ್ಣ ಕಾರಿನ ಇಂಜಿನ್ ಯಾಕಾಗಬಾರದು ಮಾವ, ಎಂದು ಕೇಳಿದ. ಅವತ್ತು ಮಧ್ಯಾಹ್ನದ ಊಟ ಒಂದೂವರೆ ಗಂಟೆ ತಡವಾಯಿತು. ಆ ಇಂಜಿನ್‌ಗಳೆಲ್ಲ ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುವಂಥವು. ಅಂಬಾಸಿಡರ್‌ನದು ಉದ್ದಕ್ಕೆ ಕೂತು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಕ್ಕೆ ಬಲ ಕಳಿಸುವ ಮನೆತನ. ಇದನ್ನು ಭಾವ ಊಟದೆಲೆಯ ಮೇಲೆ ಸೌತೆಕಾಯಿ ಹೋಳುಗಳನ್ನು ಅಡ್ಡ ಉದ್ದ ಇಟ್ಟು ತೋರಿಸಿದರು.

ಎಲ್ಲಕ್ಕಿಂತ ಒಪ್ಪುವಂಥದ್ದು ಇಸುಜು, 1817 ಸಿಸಿ. ಹಿಂದುಸ್ತಾನ್ ಮೋಟಾರ್ಸ್‌ನವರೇ 90ರ ದಶಕದ ಶುರುವಿನಲ್ಲಿ ಅಂಬಾಸಿಡರ್‌ಗೆ ಹಾಕಿ ಮಾರಿದ ಇಂಜಿನ್ ಅದು, ಕಾಂಟೆಸ್ಸಾದಲ್ಲೂ ಇತ್ತು. ಎಪ್ಪತ್ತೈದು ಅಶ್ವಶಕ್ತಿ, ಐದು ಗೇರು. ಸಂಬಂಧದೊಳಗೇ ಸಿಕ್ಕ ಗಂಡು. ಅದಕ್ಕೂ ಭಾವ ಒಂದು ತಕರಾರು ಹುಡುಕಿದ್ದಾರೆ: ಅದರ ಗೇರು ನೆಲದಲ್ಲಿರುತ್ತದೆ. “ಗೇರು ಕೆಳಗೆ ಬಂದ್ರೆ ಮುಂದೆ ಮೂರು ಜನ ಹೆಂಗೆ ಕೂರ್ತಾರೆ ಹೇಳು?” ಮುಂದೆ ಮೂರು ಜನ ಕೂತು ಯಾವ ಕಾಲವಾಯಿತು ಎಂದು ಕೇಳುವ ಧೈರ್ಯ ನನಗಿಲ್ಲ.

ಅಕ್ಕನಿಗಿದೆ. “ಮಗಳಿಗೆ ಗಂಡು ನೋಡುವಾಗ ಎರಡನೇ ಜಾತಕಕ್ಕೇ ಹೂಂ ಅಂದೋರು. ಈ ಡಬ್ಬಕ್ಕೆ ಮಾತ್ರ ಯಾವ್ದೂ ಕೂಡಿ ಬರಲ್ಲ” ಎಂದು ಒಳಗಿನಿಂದಲೇ ಹೇಳುತ್ತಾಳೆ.

ಒಂದು ಸಲ ಮಾತ್ರ ಕೂಡಿ ಬಂದೇಬಿಟ್ಟಿತು ಅನ್ನಿಸಿತ್ತು. ಶನಿವಾರ ಬೆಳಿಗ್ಗೆಯೇ ಫೋನು. “ಪಾವಗಡಕ್ಕೆ ಹೋಗಿ ಶನಿಮಹಾತ್ಮನ ದರ್ಶನ ಮಾಡ್ಕೊಂಡು ಬರೋಣ ಬಾರಯ್ಯ. ನಿನ್ನ ಗಾಡೀಲೇ ಹೋಗೋಣ.” ದೈವಭಕ್ತಿ ಇದ್ದಕ್ಕಿದ್ದಂತೆ ಬಂದದ್ದೂ ನನ್ನ ಗಾಡಿಯ ಡಿಕ್ಕಿ ದೊಡ್ಡದಿದ್ದದ್ದೂ ಕಾಕತಾಳೀಯವಲ್ಲ. ಬಿಳಿ ಪಂಚೆ ಉಟ್ಟು ಹೋದೆ. ಮಿಡಿಗೇಶಿ ದಾಟುವ ತನಕ ಭಾವ ದೇವರ ವಿಷಯವನ್ನೇ ಮಾತಾಡಿದರು. ದೇವಸ್ಥಾನದಲ್ಲಿ ಎಳ್ಳುಬತ್ತಿ ಹಚ್ಚಿ ಪ್ರದಕ್ಷಿಣೆ ಮುಗಿಸಿ ಹೊರಗೆ ಬಂದಮೇಲೆ, “ಇಲ್ಲೇ ಊರಾಚೆ ಎರಡು ನಿಮಿಷದ ಕೆಲಸ ಐತೆ” ಅಂದರು.

ಊರಾಚೆ ಒಂದು ಶೆಡ್ಡು. ಗೋಣಿತಾಟು ಸರಿಸಿದರೆ ಕೆಳಗೆ ಕಾಂಟೆಸ್ಸಾದ ಇಸುಜು ಇಂಜಿನು. ಭಾವನ ಜುಬ್ಬಾದ ಜೇಬಿನಿಂದ ಟೇಪು ಬಂತು, ಸೀಮೆಸುಣ್ಣ ಬಂತು, ಟಾರ್ಚು ಬಂತು. ಹೆಗಲ ಚೀಲದಿಂದ ರಟ್ಟಿನ ಒಂದು ಅಚ್ಚು ಬಂತು. ಅಕ್ಕನ ರೇಷ್ಮೆ ಸೀರೆಯ ಡಬ್ಬಿಯ ಮುಚ್ಚಳ ಅದು. ತಮ್ಮ ಕಾರಿನ ಇಂಜಿನ್ನಿನ ಹಿಂಬದಿ ಹೇಗಿದೆಯೋ ಹಾಗೇ ಕತ್ತರಿಸಿ, ಬೋಲ್ಟ್ ಬರುವ ಕಡೆಯೆಲ್ಲ ತೂತು ಮಾಡಿ, ಪ್ರತಿ ತೂತಿನ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಅಳತೆ ಬರೆದಿದ್ದರು. ಒಂದು ಮೂಲೆಯಲ್ಲಿ ಸೀರೆ ಅಂಗಡಿಯ ನವಿಲು ಇನ್ನೂ ಕಾಣುತ್ತಿತ್ತು. ರಟ್ಟನ್ನು ಇಸುಜುವಿನ ಬೆನ್ನಿಗೆ ಹಿಡಿದರು. ಒಂದು ತೂತೂ ಕೂಡಲಿಲ್ಲ. “ಕೂಡಲ್ಲ ಅಂತ ಗೊತ್ತಿತ್ತು” ಎಂದು ಸಂತೋಷದಿಂದ ಹೇಳಿದರು. “ಇದರದೇ ಗೇರ್‌ಬಾಕ್ಸು ತಗೋಬೇಕು. ಇಲ್ಲಾಂದ್ರೆ ನಡುವೆ ಅಡಾಪ್ಟರ್ ಪ್ಲೇಟು. ಕೊರಟಗೆರೆ ಲೇತಿನವನು ಮಾಡ್ಕೊಡ್ತಾನೆ.”

ಆಮೇಲೆ ಪರೀಕ್ಷೆ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿಸಿದರು. ಶೆಡ್ಡಿನ ಹುಡುಗ ಮುಂದಿನ ಪುಲ್ಲಿಗೆ ಪಾನಾ ಹಾಕಿ ತಿರುಗಿಸಬೇಕು, ನಾನು ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಪಿಸ್ಟನ್ ಮೇಲೆ ಬಂದಾಗ ಗಾಳಿ ಬೆರಳನ್ನು ತಳ್ಳಿ ಹೊರಗೆ ಚಿಮ್ಮಿದರೆ ಕಂಪ್ರೆಷನ್ ಇದೆ ಎಂದರ್ಥ. ಮೊದಲನೆಯದು ತಳ್ಳಿತು. ಎರಡನೆಯದೂ ತಳ್ಳಿತು. ಮೂರನೆಯದು ನನ್ನ ಪಂಚೆಯ ಮೇಲೆ ಹಳೇ ಆಯಿಲ್ ಉಗಿಯಿತು. “ಭೇಷ್” ಅಂದರು ಭಾವ. ನನಗಲ್ಲ, ಇಂಜಿನ್ನಿಗೆ.

ರೇಟು ಮಾತಾಡಿದರು. ಶೆಡ್ಡಿನವನು ಇಳಿದ, ಭಾವ ಏರಿದರು, ಇನ್ನೇನು ಮುಂಗಡ ಕೊಡಬೇಕು. ಆಗ ಟಾರ್ಚು ಹಿಡಿದು ಬ್ಲಾಕಿನ ಪಕ್ಕಕ್ಕೆ ಬಗ್ಗಿದರು. ಇಂಜಿನ್ ನಂಬರ್ ಇರಬೇಕಾದ ಜಾಗವನ್ನು ಯಾರೋ ಗ್ರೈಂಡರ್‌ನಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಭಾವ ಟೇಪನ್ನು ಸುತ್ತಿ ಜೇಬಿಗೆ ಹಾಕಿ, “ನಂಬರ್ ಇಲ್ದಿದ್ದು ನಮ್ಮ ಮನೆ ಅಂಗಳಕ್ಕೆ ಬೇಡಪ್ಪ” ಎಂದು ಎದ್ದರು. ಅವರು ಹೇಳಿದ್ದು ಸರಿ. ಇಂಜಿನ್ ನಂಬರು ಆರ್.ಸಿ.ಯಲ್ಲಿ ಇರುತ್ತದೆ, ಬದಲಾಯಿಸಬೇಕಾದರೆ ಆರ್.ಟಿ.ಒ. ಒಪ್ಪಿಗೆ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ತಯಾರಕರು ಕೊಟ್ಟ ಸ್ವರೂಪವನ್ನು ಮನಸೋ ಇಚ್ಛೆ ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಎಲ್ಲ ಕಾಗದವನ್ನೂ ಫೈಲು ಮಾಡಿ ಇಟ್ಟಿದ್ದಾರೆ. ಮಧುಗಿರಿಗೇ ಆರ್.ಟಿ.ಒ. ಕಚೇರಿ ಬಂದು ಕೆಎ-64 ಆದಾಗ ಊರಲ್ಲಿ ಅತಿ ಹೆಚ್ಚು ಖುಷಿಪಟ್ಟವರು ಅವರೇ ಇರಬೇಕು.

ನನಗೆ ವಿಚಿತ್ರವೆನಿಸಿದ್ದು ವಾಪಸ್ ಬರುವಾಗಿನ ಅವರ ಉತ್ಸಾಹ. ಬರಿಗೈಯಲ್ಲಿ ಬರುತ್ತಿದ್ದವರು ದಾರಿಯುದ್ದಕ್ಕೂ ಹಾಡು ಗುನುಗಿದರು, ಮಿಡಿಗೇಶಿಯಲ್ಲಿ ಇಳಿದು ನನಗೆ ಬೋಂಡ ಕೊಡಿಸಿದರು. ಅಂದು ಆ ಇಂಜಿನು ನನ್ನ ಡಿಕ್ಕಿಯಲ್ಲಿದ್ದಿದ್ದರೆ ಅವರ ಮುಖ ಹಾಗೆ ಅರಳಿರುತ್ತಿರಲಿಲ್ಲ.

ಉಳಿದ ಗುಣಗಳು ಸಣ್ಣವು. ಅವರ ಕಾರಿನ ಬಾಗಿಲನ್ನು ಬೇರೆಯವರು ಹಾಕುವಂತಿಲ್ಲ. ಮದುವೆ ಮನೆಗೆ ಹೋದರೆ ಮೊದಲು ಛತ್ರದ ಹಿಂದೆ ನಿಂತಿರುವ ಹಳೇ ಗಾಡಿಗಳ ಬಾನೆಟ್ ಎತ್ತಿಸಿ ನೋಡಿ, ಆಮೇಲೆ ಅಕ್ಷತೆಗೆ ಬರುತ್ತಾರೆ. ಎಲ್ಲೋ ಇಂಜಿನ್ ಸದ್ದು ಕೇಳಿದರೆ ಮೊಬೈಲಿನಲ್ಲಿ ಹಿಡಿದು ನನಗೆ ಕಳಿಸುತ್ತಾರೆ, “ಟಪ್ಪೆಟ್ ಕೇಳಿಸ್ತಾ?” ಎಂದು. ನಾನು ಕೇಳಿಸ್ತು ಅನ್ನುತ್ತೇನೆ. ಸ್ಟೆಪ್ನಿ ಬದಲಾಯಿಸಲು ಬಾರದ ನಾನು ಆಫೀಸಿನಲ್ಲಿ ಈಗ ಕ್ಲಚ್ ಪ್ಲೇಟಿನ ಹಲ್ಲುಗಳ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲೆ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಕಾದಂಬರಿ ಬರೆಯಬೇಕೆಂದು ನಾನು ಕೊಂಡಿಟ್ಟ ಒಳ್ಳೆಯ ಕಾಗದದ ನೋಟ್‌ಬುಕ್ಕುಗಳು ಬೀರುವಿನ ಒಂದು ಅರೆ ತುಂಬಿವೆ. ಅದನ್ನು ಕಂಡಿರುವ ಅಕ್ಕ ನಮ್ಮಿಬ್ಬರನ್ನೂ ಒಟ್ಟಿಗೇ ಬೈಯುತ್ತಾಳೆ.

ಭಾವನ ಸಿದ್ಧತೆ ಮಾತ್ರ ನೋಟ್‌ಬುಕ್ಕಿನಷ್ಟು ಹಗುರವಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಹಸು ಕಟ್ಟುತ್ತಿದ್ದ ಜಾಗಕ್ಕೆ ಕಬ್ಬಿಣದ ತೊಲೆ ಹಾಕಿಸಿ ಚೈನ್ ಪುಲ್ಲಿ ತೂಗುಹಾಕಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಮೌಂಟಿಂಗ್ ರಬ್ಬರುಗಳು, ದೊಡ್ಡ ರೇಡಿಯೇಟರು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಡಬ್ಬಗಟ್ಟಲೆ ಗ್ಯಾಸ್ಕೆಟ್ಟು, ಎಲ್ಲಕ್ಕೂ ಚೀಟಿ ಅಂಟಿಸಿದ್ದಾರೆ. ಇಂಜಿನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿದ್ಧವಾಗಿದೆ.

ಆ ಚೈನ್ ಪುಲ್ಲಿ ಮೊದಲು ನಮ್ಮೂರ ಭಾಯಿಯ ಗ್ಯಾರೇಜಿನದು. ಭಾವನ ತಂದೆಯ ಕಾಲದಿಂದ ಆ ಕಾರನ್ನು ನೋಡಿಕೊಂಡವರು ಆ ಮೆಕ್ಯಾನಿಕ್ ಭಾಯಿ. ಇಂಜಿನ್ ಬದಲಾಯಿಸುವ ಮಾತು ತೆಗೆದಾಗಲೆಲ್ಲ ಬೀಡಿ ಹಚ್ಚಿ, “ಇಂಜಿನ್ ಕೂತ್ಕೊಳ್ಳುತ್ತೆ ಸ್ವಾಮಿ. ಅದು ಕೂತಮೇಲೆ ನೀವು ಕೂತ್ಕೊಳ್ಳೋಕಾಗಲ್ಲ” ಅನ್ನುತ್ತಿದ್ದರು. ಸಂಪು ಹೋಗಿ ಕ್ರಾಸ್ ಮೆಂಬರ್‌ಗೆ ತಾಗುತ್ತದೆ, ಫ್ಯಾನು ರೇಡಿಯೇಟರನ್ನು ಮುಟ್ಟುತ್ತದೆ, ಸೈಲೆನ್ಸರ್ ಪೈಪಿಗೆ ದಾರಿಯಿರುವುದಿಲ್ಲ, ಶಕ್ತಿ ಹೆಚ್ಚಾದರೆ ಹಳೇ ಡ್ರಮ್ ಬ್ರೇಕು ಹಿಡಿಯುವುದಿಲ್ಲ, ಹಳೇ ಕ್ರೌನ್ ಪಿನಿಯನ್ ಸದ್ದು ಮಾಡುತ್ತದೆ. ಇಬ್ಬರೂ ಸಂಜೆಯೆಲ್ಲ ಕೂತು ಇದನ್ನೇ ಮಾತಾಡುತ್ತಿದ್ದರು. ಭಾಯಿ ತೀರಿಕೊಂಡ ಮೇಲೆ ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಅವರ ಮಗ ಗಡಿಯಾಚೆ ಪೆನುಕೊಂಡದ ಬಳಿಯ ಕಿಯಾ ಕಾರ್ಖಾನೆಯ ಕಡೆ ಕೆಲಸಕ್ಕೆ ಹೋದ. ಚೈನ್ ಪುಲ್ಲಿಯನ್ನು ಭಾವ ಕೊಂಡುಕೊಂಡರು. ಅದರ ಕೊಕ್ಕೆಗೆ ವಾರಕ್ಕೊಮ್ಮೆ ಎಣ್ಣೆ ಹಾಕುತ್ತಾರೆ, ಇದುವರೆಗೆ ಏನನ್ನೂ ಎತ್ತಿಲ್ಲ.

ಈಚೆಗೆ ಪಾವಗಡದ ತಿರುಮಣಿ ಕಡೆ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ನೋಡಿ ಬಂದವರು ಒಂದು ತಿಂಗಳು ಕರೆಂಟ್ ಮೋಟಾರ್ ಕೂರಿಸುವ ಹುಚ್ಚಿಗೆ ಬಿದ್ದಿದ್ದರು. ಬ್ಯಾಟರಿಯ ಭಾರ ಲೆಕ್ಕ ಹಾಕಿ ಸುಮ್ಮನಾದರು. ನಾನು ಇದೇ ಸಮಯವೆಂದು ಬ್ರಹ್ಮಾಸ್ತ್ರ ತೆಗೆದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮ. ಐವತ್ತು ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ಹೊಸ ನಂಬರು ಸಿಗುತ್ತದೆ, ಇಪ್ಪತ್ತು ಸಾವಿರ ಶುಲ್ಕ, ಹತ್ತು ವರ್ಷದ ನೋಂದಣಿ. ಷರತ್ತು ಒಂದೇ ದೊಡ್ಡದು: ಗಾಡಿ ಮೂಲರೂಪದಲ್ಲಿರಬೇಕು, ಇಂಜಿನ್ ಬದಲಾಯಿಸಿರಬಾರದು.

“ಭಾವ, ನಿಮ್ಮದು ಐವತ್ತು ದಾಟಿದೆ. ಆವತ್ತೇ ಇಸುಜು ಕೂರಿಸಿದ್ದಿದ್ದರೆ ಇವತ್ತು ಈ ಗೌರವ ಸಿಗ್ತಿರಲಿಲ್ಲ. ಇನ್ನು ಆ ಯೋಚನೆ ಬಿಡಿ” ಅಂದೆ.

“ವಿಂಟೇಜ್ ಅಂತಾದ್ರೆ ದಿನಾ ಓಡಾಡಿಸಂಗಿಲ್ಲ ಅಲ್ವಾ?”

“ಹೌದು. ಪ್ರದರ್ಶನ, ರ್‍ಯಾಲಿ, ರಿಪೇರಿ ಅಂತ ಮಾತ್ರ ಹೊರಗೆ ತೆಗೀಬಹುದು.”

ಅಕ್ಕ ಬಾಗಿಲಿಗೆ ಬಂದು ನಿಂತಳು. ಭಾವ ಎದ್ದು ಹೋಗಿ ಬಾನೆಟ್ ಎತ್ತಿದರು. ಬಹಳ ಹೊತ್ತು ಒಳಗೆ ಬಗ್ಗಿದ್ದವರು ತಲೆ ಹೊರಗೆ ತೆಗೆದಾಗ ಕಣ್ಣಲ್ಲಿ ಹೊಳಪು.

“ಮೂಲರೂಪ ಅಂದ್ಯಲ್ಲ. ಇಲ್ಲಿರೋ ಆಲ್ಟರ್ನೇಟರು ಆಮೇಲೆ ಹಾಕ್ಸಿದ್ದು ಕಣಯ್ಯ. ಮೊದಲು ಡೈನಮೋ ಇತ್ತು. ಕಾರ್ಬೊರೇಟರೂ ಬದಲಾಗೈತೆ, ಎಸ್‌ಯು ಹುಡುಕಬೇಕು. ಹಿಂದೂಪುರದಲ್ಲಿ ಒಬ್ಬರ ಹತ್ರ ಎರಡೂ ಅವೆ ಅಂತ ಕೇಳಿದೀನಿ. ಶನಿವಾರ ಬಿಡುವೈತಾ?”